ಹಳೆಯ ಕ್ಯಾಮೆರಾಗಳೂ ಅವುಗಳ ದುರಸ್ತಿಗಾರರೂ

ಹಳೆಯ ಫಿಲಮ್ ಕ್ಯಾಮೆರಾ ಇಲ್ಲದ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಆದರೆ ಅಂತಹ ಕ್ಯಾಮೆರಾದಿಂದ ತೆಗೆದ ಚಿತ್ರವೊಂದಾದರೂ ಗೋಡೆಯ ಮೇಲಿಲ್ಲದ ಮನೆ ಅಪರೂಪ. ಚಿತ್ರಗಳು ಗೋಡೆಯ ಮೇಲೆ ಉಳಿದುಕೊಂಡವು. ಕ್ಯಾಮೆರಾಗಳು ಅಟ್ಟಕ್ಕೂ ಬೀರುವಿನ ಮೂಲೆಗೂ ಸೇರಿದವು. ಈಚಿನ ವರ್ಷಗಳಲ್ಲಿ ಅವನ್ನು ಕೆಳಗಿಳಿಸಿ, ಧೂಳು ಒರೆಸಿ, ಮತ್ತೆ ಫಿಲಮ್ ಹಾಕಿ ನೋಡುವ ತರುಣರು ಹೆಚ್ಚುತ್ತಿದ್ದಾರೆ. ನಮ್ಮ ಕಾಲೇಜಿನಲ್ಲಿಯೂ ಅಂತಹವರು ಕೆಲವರಿದ್ದಾರೆ. ಇವರೆಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುವ ಅನುಭವ ಒಂದೇ. ಗುಂಡಿಯನ್ನು ಒತ್ತಿದರೆ ಒಳಗೆ ಏನೋ ಕರ್ರೆಂದು ಅರ್ಧದಲ್ಲಿ ನಿಂತುಬಿಡುತ್ತದೆ. ಇದನ್ನು ಯಾರ ಕೈಗೆ ಕೊಡುವುದು ಎಂಬ ಪ್ರಶ್ನೆ ಆಗ ಹುಟ್ಟುತ್ತದೆ.

ಪ್ರಕೃತ ಲೇಖನ ಆ ಪ್ರಶ್ನೆಯನ್ನು ಕುರಿತದ್ದು. ದುರಸ್ತಿಗಾರರ ಯೋಗ್ಯತೆಯನ್ನು ಅಂಗಡಿಯ ಫಲಕದಿಂದಾಗಲಿ ಅವರ ಮಾತಿನ ಸೊಗಸಿನಿಂದಾಗಲಿ ಅಳೆಯಲಾಗುವುದಿಲ್ಲ. ಅವರು ಯಾವುದನ್ನು ಅಳತೆ ಮಾಡಿ ತೋರಿಸುತ್ತಾರೆ, ಯಾವುದನ್ನು ತಮ್ಮಿಂದಾಗದು ಎನ್ನುತ್ತಾರೆ, ಎಂಬ ಎರಡನ್ನೂ ನೋಡಿಯೇ ತಿಳಿಯಬೇಕೆಂಬುದು ನನ್ನ ಅಭಿಪ್ರಾಯ. ಹಾಗೆ ನೋಡಲು ಕ್ಯಾಮೆರಾದ ಒಡೆಯನಿಗೂ ಆ ಯಂತ್ರದ ಒಳಗಿನ ಸಂಗತಿ ಅಲ್ಪಸ್ವಲ್ಪ ತಿಳಿದಿರಬೇಕಾಗುತ್ತದೆ.

ಸೈಕಲ್ಲು ಕೆಟ್ಟರೆ ಬಿಡಿಭಾಗ ಪೇಟೆಯಲ್ಲಿ ದೊರೆಯುತ್ತದೆ. ಹಳೆಯ ಕ್ಯಾಮೆರಾದ ಸ್ಥಿತಿ ಹಾಗಲ್ಲ. ನಿಕಾನ್ ಸಂಸ್ಥೆ ೨೦೦೬ರಲ್ಲಿ ತನ್ನ ಬಹುಪಾಲು ಫಿಲಮ್ ಕ್ಯಾಮೆರಾಗಳ ತಯಾರಿಕೆಯನ್ನು ನಿಲ್ಲಿಸಿತು. ಉಳಿದಿದ್ದ ಎಫ್-೬ ಎಂಬ ಮಾದರಿಯೂ ೨೦೨೦ರಲ್ಲಿ ನಿಂತಿತು. ನಮ್ಮ ಸ್ಟುಡಿಯೋಗಳಿಗೆಲ್ಲ ಅನ್ನ ಹಾಕಿದ ಯಾಷಿಕಾ ಹೆಸರನ್ನು ಕೊಂಡಿದ್ದ ಕ್ಯೋಸೆರಾ ಸಂಸ್ಥೆ ೨೦೦೫ರಲ್ಲಿ ಕ್ಯಾಮೆರಾ ವ್ಯಾಪಾರದಿಂದಲೇ ಹಿಂದೆ ಸರಿಯಿತು. ನಮ್ಮ ದೇಶದಲ್ಲಿಯೇ, ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಆಗ್ಫಾ ಕ್ಲಿಕ್-೩ ಎಂಬ ಪೆಟ್ಟಿಗೆಯಂತಹ ಕ್ಯಾಮೆರಾ ಎಷ್ಟೋ ಮಧ್ಯಮ ವರ್ಗದ ಮನೆಗಳ ಮೊದಲ ಕ್ಯಾಮೆರಾ ಆಗಿತ್ತು. (ಅದರ ಒಂದು ಗುಣವೆಂದರೆ, ಕೆಡುವುದಕ್ಕೆ ಅದರೊಳಗೆ ಹೆಚ್ಚೇನೂ ಇಲ್ಲ.) ಈಗ ಈ ಯಂತ್ರಗಳಿಗೆ ಬಿಡಿಭಾಗವೆಂದರೆ ಸತ್ತ ಇನ್ನೊಂದು ಕ್ಯಾಮೆರಾದಿಂದ ಕಿತ್ತದ್ದು, ತಿಳಿವಳಿಕೆಯೆಂದರೆ ವಯಸ್ಸಾದ ಕೆಲವರ ಕೈಬೆರಳುಗಳಲ್ಲಿ ಉಳಿದದ್ದು.

ತಯಾರಿಸಿದವರಿಗೇ ಆ ತಿಳಿವಳಿಕೆ ದುರ್ಲಭವಾಯಿತೆಂಬುದಕ್ಕೆ ಒಂದು ನಿದರ್ಶನವುಂಟು. ಜಪಾನಿನ ರೀಕೋ ಸಂಸ್ಥೆ ಹೊಸದಾಗಿ ಫಿಲಮ್ ಕ್ಯಾಮೆರಾ ನಿರ್ಮಿಸುವ ಯೋಜನೆಯನ್ನು ೨೦೨೨ರಲ್ಲಿ ಪ್ರಕಟಿಸಿತು. ಕೈಯಿಂದ ಫಿಲಮ್ ಮುಂದೂಡುವ ಸನ್ನೆಯ ರಚನೆಯನ್ನು ಬಲ್ಲವರು ಕೆಲಸದಲ್ಲಿದ್ದವರ ಪೈಕಿ ವಿರಳವಾಗಿದ್ದುದರಿಂದ, ನಿವೃತ್ತರಾಗಿದ್ದ ಹಳೆಯ ಎಂಜಿನಿಯರುಗಳ ಸಲಹೆಯನ್ನು ಪಡೆದು, ೨೦೨೪ರಲ್ಲಿ ಪೆಂಟಾಕ್ಸ್-೧೭ ಎಂಬ ಕ್ಯಾಮೆರಾವನ್ನು ಹೊರತಂದರು. ಅಷ್ಟು ದೊಡ್ಡ ಸಂಸ್ಥೆಯ ಪಾಡೇ ಇದಾದರೆ, ನಮ್ಮ ಜಿಲ್ಲಾ ಕೇಂದ್ರದ ಪೇಟೆಬೀದಿಯಲ್ಲಿ ಬಲ್ಲವರೊಬ್ಬರು ಸಿಗುವುದು ಭಾಗ್ಯವೆಂದೇ ಹೇಳಬೇಕು.

ಇನ್ನು ಯಂತ್ರದ ಒಳಗನ್ನು ಸ್ವಲ್ಪ ನೋಡೋಣ. ಕ್ಯಾಮೆರಾದ ಪ್ರಾಣವಿರುವುದು ಅದರ ಷಟರಿನಲ್ಲಿ. ಇವುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ತೆಳುವಾದ ಉಕ್ಕಿನ ಎಸಳುಗಳು ಮಸೂರಗಳ ನಡುವೆ ಹೂವಿನಂತೆ ಅರಳಿ ಮುಚ್ಚಿಕೊಳ್ಳುತ್ತವೆ. ಯಾಷಿಕಾ-ಮ್ಯಾಟ್, ರೋಲಿಫ್ಲೆಕ್ಸ್, ಮಡಿಸುವ ಆಗ್ಫಾ ಕ್ಯಾಮೆರಾಗಳಲ್ಲಿರುವುದು ಇದು. ಇನ್ನೊಂದರಲ್ಲಿ ಫಿಲಮಿನ ಮುಂದೆ ಎರಡು ಪರದೆಗಳು ಒಂದರ ಹಿಂದೊಂದು ಓಡುತ್ತವೆ. ಪೆಂಟಾಕ್ಸ್ ಕೆ-೧೦೦೦, ಲೈಕಾ ಮೊದಲಾದವು ಈ ಜಾತಿಗೆ ಸೇರಿದವು. ಮೊದಲನೆಯ ಜಾತಿಯಲ್ಲಿ ಸೆಕೆಂಡು, ಅರ್ಧ ಸೆಕೆಂಡಿನಂತಹ ನಿಧಾನದ ವೇಗಗಳನ್ನು ನಿಯಂತ್ರಿಸುವುದು ಪುಟ್ಟ ಹಲ್ಲುಚಕ್ರಗಳ ಒಂದು ಸಾಲು. ಅಲಾರಮ್ ಗಡಿಯಾರದಲ್ಲಿ ಇರುವಂಥದ್ದೇ. ೧ ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿದಾಗ ಕೇಳುವ ಝರ್ರೆಂಬ ನಾದ ಅದರದು. ಗಡಿಯಾರದ ಕಸುಬಿನವರು ಕ್ಯಾಮೆರಾ ದುರಸ್ತಿಗೆ ಕೈಹಾಕುವುದು ಈ ಸಾಮ್ಯದಿಂದಲೇ. ೧೯೬೧ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಎಚ್.ಎಂ.ಟಿ. ಕಾರ್ಖಾನೆಯ ಕೈಗಡಿಯಾರಗಳನ್ನು ಬಿಚ್ಚಿ ಜೋಡಿಸಿ ಪಳಗಿದ ಕೈಗಳು ನಮ್ಮ ಸೀಮೆಯಲ್ಲಿ ಇನ್ನೂ ಇವೆ. ಅವರಿಗೆ ಹಲ್ಲುಚಕ್ರದ ಮರ್ಮ ಗೊತ್ತು. ಆದರೆ ಮಸೂರಗಳ ಕೂಡಿಕೆ, ಬೆಳಕಿನ ಅಳತೆ, ಫಿಲಮಿನ ಸಮತಲ ಇವು ಬೇರೆಯೇ ವಿದ್ಯೆ. ಗಡಿಯಾರ ಬಲ್ಲವರೆಲ್ಲರೂ ಇವನ್ನು ಬಲ್ಲರೆಂದು ತಿಳಿಯಬಾರದು.

ಬಳಸದೆ ಇಟ್ಟ ಕ್ಯಾಮೆರಾ ಕೆಡುವುದಿಲ್ಲವೆಂಬ ನಂಬಿಕೆ ಅನೇಕರಲ್ಲಿದೆ. ವಾಸ್ತವವಾಗಿ ಬಳಸದೆ ಇಟ್ಟದ್ದೇ ಬೇಗ ಕೆಡುತ್ತದೆ. ಗ್ರೀಸು ಒಣಗಿ ಗಟ್ಟಿಯಾಗುತ್ತದೆ. ಮಡಿಸುವ ಆಗ್ಫಾ ಐಸೊಲೆಟ್‌ಗಳಲ್ಲಿ ಹಾಕಿದ್ದ ಹಸಿರು ಗ್ರೀಸಂತೂ ಅಂಟಿನಂತೆ ಬಿಗಿದು, ದೂರ ಹೊಂದಿಸುವ ಉಂಗುರ ತಿರುಗದೆ ಹೋಗುತ್ತದೆ. ಅದೇ ಕ್ಯಾಮೆರಾದ ತಿದಿಯ ಮಡಿಕೆಗಳ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಹಿಂಬಾಗಿಲಿನ ಸಂದಿಗೆ ಅಂಟಿಸಿದ ಕಪ್ಪು ಸ್ಪಂಜು ಕರಗಿ ಜಿಗುಟು ಮಸಿಯಾಗುತ್ತದೆ. ಬ್ಯಾಟರಿಯಿಲ್ಲದೆ ಬೆಳಕನ್ನು ಅಳೆಯುವ ಸೆಲೆನಿಯಮ್ ಕೋಶ ವರ್ಷಗಳು ಕಳೆದಂತೆ ಶಕ್ತಿಗುಂದುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ನಮ್ಮ ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮಸೂರದ ಮೇಲೆ ಬೆಳೆಯುವ ಬೂಷ್ಟು. ಜೇಡರ ಬಲೆಯಂತೆ ಹರಡುವ ಅದು ಮೊದಲಲ್ಲಿ ಒರೆಸಿದರೆ ಹೋಗುತ್ತದೆ. ತಡವಾದರೆ ಗಾಜಿನ ಮೇಲಣ ಲೇಪವನ್ನೇ ತಿಂದು ಗುರುತು ಉಳಿಸುತ್ತದೆ.

ಇಷ್ಟನ್ನು ತಿಳಿದ ಮೇಲೆ ಒಡೆಯನು ಮೊದಲು ತಾನೇ ಪರೀಕ್ಷೆ ಮಾಡತಕ್ಕದ್ದು. ತಿರುಪುಗಳನ್ನು ಮುಟ್ಟಬೇಕಾಗಿಲ್ಲ. ಫಿಲಮ್ ಇಲ್ಲದೆ ಹಿಂಬಾಗಿಲನ್ನು ತೆರೆದು, ಕಿಟಕಿಯ ಕಡೆಗೆ ಹಿಡಿದು, ಎಲ್ಲ ವೇಗಗಳಲ್ಲಿಯೂ ಒಂದೊಂದು ಸಲ ಒತ್ತಿ ನೋಡಿದರೆ ಅರ್ಧ ಸಂಗತಿ ತಿಳಿಯುತ್ತದೆ. ಮಸೂರದ ರಂಧ್ರವನ್ನು ಪೂರ್ತಿ ತೆರೆದು ಹಿಂದಿನಿಂದ ಸಣ್ಣ ದೀಪ ಹಿಡಿದರೆ ಬೂಷ್ಟು, ಮಂಜು, ಧೂಳು ಬೇರೆಬೇರೆಯಾಗಿ ಕಾಣುತ್ತವೆ. ತಿದಿಯಿದ್ದರೆ ಕತ್ತಲ ಕೋಣೆಯಲ್ಲಿ ಅದರೊಳಗೆ ದೀಪವಿಟ್ಟು ನೋಡಬೇಕು. ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ದುರಸ್ತಿಗಾರರೊಡನೆ ಆಡುವ ಮಾತಿನ ತೂಕವೇ ಬೇರೆ. "ಕೆಟ್ಟಿದೆ, ನೋಡಿ" ಎನ್ನುವವನಿಗೂ, "ಅರ್ಧ ಸೆಕೆಂಡಿಗಿಂತ ನಿಧಾನದ ವೇಗಗಳು ನಡುವೆ ನಿಲ್ಲುತ್ತವೆ, ಉಳಿದವು ನಡೆಯುತ್ತವೆ" ಎನ್ನುವವನಿಗೂ ಒಂದೇ ಬಗೆಯ ಉತ್ತರ ಸಿಗುವುದಿಲ್ಲ.

ಇಲ್ಲಿ ಒಂದು ನೈಜ ಸಂಗತಿಯನ್ನು ಹೇಳುವುದು ಉಚಿತ. ನನ್ನ ಸೋದರಮಾವನವರು ತಾಲ್ಲೂಕು ಕೇಂದ್ರವೊಂದರಲ್ಲಿ ಬಹುಕಾಲ ಸ್ಟುಡಿಯೋ ನಡೆಸಿದವರು. ಅವರ ಯಾಷಿಕಾ-ಮ್ಯಾಟ್ ೧೨೪-ಜಿ ಆ ಊರಿನ ಮದುವೆ, ನಾಮಕರಣ, ಶಾಲೆಯ ಗುಂಪುಚಿತ್ರಗಳನ್ನೆಲ್ಲ ಕಂಡ ಕ್ಯಾಮೆರಾ. ಸ್ಟುಡಿಯೋ ಮುಚ್ಚಿದ ಮೇಲೆ ಹಲವು ವರ್ಷ ಪೆಟ್ಟಿಗೆಯಲ್ಲಿ ಕುಳಿತಿದ್ದು, ನಿಧಾನದ ವೇಗಗಳಲ್ಲಿ ಎಡವುತ್ತಿತ್ತು. ದೊಡ್ಡ ಊರಿನ ಅಂಗಡಿಯೊಂದಕ್ಕೆ ಅದನ್ನು ಕೊಟ್ಟರು. ಮರುದಿನ ಸಂಜೆಯೇ ಸಿದ್ಧವಾಯಿತು. ಅಂಗಡಿಯಲ್ಲಿ ಒತ್ತಿ ತೋರಿಸಿದಾಗ ಸೊಗಸಾಗಿ ನಡೆಯಿತು; ಮನೆಯಲ್ಲಿಯೂ ಎರಡು ವಾರ ನಡೆಯಿತು. ಮೂರನೆಯ ವಾರ ಎಸಳುಗಳು ಒಂದಕ್ಕೊಂದು ಅಂಟಿಕೊಂಡು ತೆರೆಯಲೇ ಇಲ್ಲ.

ಕಾರಣ ಸರಳ. ಷಟರಿನ ಎಸಳುಗಳು ಒಣಗಿರಬೇಕು. ಅವುಗಳ ಮೇಲೆ ಎಣ್ಣೆಯ ತೆಳುಪದರ ಬಿದ್ದರೂ, ಒದ್ದೆಯಾದ ಎರಡು ಗಾಜಿನ ಹಲಗೆಗಳು ಅಂಟಿಕೊಳ್ಳುವಂತೆ ಅಂಟಿಕೊಳ್ಳುತ್ತವೆ. ಅಂಗಡಿಯವರು ಬಿಚ್ಚಿ ತೊಳೆಯುವ ಶ್ರಮವನ್ನು ಬಿಟ್ಟು, ಒಣಗಿದ ಗ್ರೀಸಿನ ಮೇಲೆಯೇ ಧಾರಾಳವಾಗಿ ಎಣ್ಣೆ ಬಿಟ್ಟಿದ್ದರು. ಎಣ್ಣೆ ಹಲ್ಲುಚಕ್ರಗಳನ್ನು ತತ್ಕಾಲಕ್ಕೆ ಸಡಿಲಿಸಿ, ಮೆಲ್ಲಗೆ ಹರಿದು ಎಸಳುಗಳನ್ನು ಸೇರಿತು. ಸರಿಯಾದ ಕ್ರಮವೆಂದರೆ ಷಟರನ್ನು ಬಿಚ್ಚಿ, ನ್ಯಾಫ್ತಾದಂತಹ ಬೇಗ ಆರುವ ದ್ರವದಿಂದ ಹಳೆಯ ಜಿಡ್ಡನ್ನೆಲ್ಲ ತೊಳೆದು, ಒಣಗಿಸಿ, ಬೇಕಾದ ಕೆಲವೇ ಅಚ್ಚುಗಳಿಗೆ ಸೂಜಿಯ ತುದಿಯಿಂದ ಗಡಿಯಾರದ ಎಣ್ಣೆಯನ್ನು ಮುಟ್ಟಿಸುವುದು.

ಬಳಿಕ ಕ್ಯಾಮೆರಾ ಬೇರೊಬ್ಬ ಹಿರಿಯ ಕಸುಬುದಾರರ ಕೈಸೇರಿತು. ಅವರು ಎರಡು ತಿಂಗಳು ತೆಗೆದುಕೊಂಡರು. ಮರಳಿಸುವಾಗ ಒಂದು ಚೀಟಿಯನ್ನೂ ಕೊಟ್ಟರು. ಅದರಲ್ಲಿ ಪ್ರತಿಯೊಂದು ವೇಗದ ಮುಂದೆ ತೊಳೆದ ಮೇಲಿನ ಅಳತೆ ಮಿಲಿಸೆಕೆಂಡುಗಳಲ್ಲಿ ಇತ್ತು. ೧/೧೨೫ಕ್ಕೆ ೯, ೧/೫೦೦ಕ್ಕೆ ೨.೭. "ಐನೂರು ಇದಕ್ಕಿಂತ ಏರೋದಿಲ್ಲ ಸಾರ್, ಸ್ಪ್ರಿಂಗು ಸೋತಿದೆ. ಬಲವಂತ ಮಾಡಿದ್ರೆ ಮುರಿಯುತ್ತೆ. ಮಸೂರದ ಮೇಲಿನ ಕಲೆ ಬೂಷ್ಟಿನ ಗುರುತು, ಅದು ಹೋಗೋದಿಲ್ಲ. ಉಜ್ಜಿದ್ರೆ ಗಾಜೇ ಹಾಳು" ಎಂದರು. ಮೊದಲಿನ ಅಂಗಡಿಯಲ್ಲಿ ಎಲ್ಲವೂ ಆಗುತ್ತದೆ ಎಂದಿದ್ದರು.

ಆ ಚೀಟಿಯ ಅಂಕಿಗಳ ಅರ್ಥವನ್ನು ವಿದ್ಯಾರ್ಥಿ ಮಿತ್ರರು ಲಕ್ಷ್ಯವಿಟ್ಟು ನೋಡಬೇಕು. ಸೆಕೆಂಡಿನ ೧/೧೨೫ ಎಂದರೆ ೮ ಮಿಲಿಸೆಕೆಂಡು. ಷಟರು ೧೦ ಮಿಲಿಸೆಕೆಂಡು ತೆರೆದಿದ್ದರೆ ಬೆಳಕು ಕಾಲುಭಾಗದಷ್ಟು ಹೆಚ್ಚಾಯಿತು. ಛಾಯಾಗ್ರಾಹಕರ ಲೆಕ್ಕದಲ್ಲಿ ಇದು ಒಂದು ಸ್ಟಾಪಿನ ಮೂರನೆಯ ಒಂದು ಪಾಲು. ೧೬ ಆದರೆ ಪೂರ್ತಿ ಒಂದು ಸ್ಟಾಪು, ಅಂದರೆ ಬೆಳಕು ಇಮ್ಮಡಿ. ನೆಗೆಟಿವ್ ಫಿಲಮ್ ಹೆಚ್ಚಾದ ಬೆಳಕನ್ನು ಬಹಳಮಟ್ಟಿಗೆ ಸಹಿಸುತ್ತದೆ. ನೇರವಾಗಿ ಪರದೆಯ ಮೇಲೆ ತೋರಿಸುವ ಸ್ಲೈಡ್ ಫಿಲಮ್ ಅರ್ಧ ಸ್ಟಾಪು ತಪ್ಪಿದರೂ ಕ್ಷಮಿಸದು. ೧/೫೦೦ಕ್ಕೆ ೨ ಮಿಲಿಸೆಕೆಂಡು ಇರಬೇಕಾದಲ್ಲಿ ೨.೭ ಇದ್ದರೆ ತಪ್ಪು ಅರ್ಧ ಸ್ಟಾಪಿಗಿಂತ ತುಸು ಕಡಿಮೆಯೇ. ಹಳೆಯ ಎಸಳು ಷಟರುಗಳಲ್ಲಿ ಅತ್ಯಂತ ಮೇಲಿನ ವೇಗ ಹೀಗೆ ಹಿಂದೆ ಬೀಳುವುದು ಸಾಮಾನ್ಯ. ಇದನ್ನು ಬರೆದುಕೊಟ್ಟವರು ಒಡೆಯನಿಗೆ ಉಪಕಾರ ಮಾಡಿದರು. ಏಕೆಂದರೆ ಅಂಕಿ ತಿಳಿದಿದ್ದರೆ ಮಸೂರದ ರಂಧ್ರವನ್ನು ಕಿರಿದುಮಾಡಿ ಸರಿದೂಗಿಸಿಕೊಳ್ಳಬಹುದು.

ಪರದೆಯ ಷಟರಿನಲ್ಲಿ ಈ ವಿಚಾರ ಇನ್ನೂ ಸೂಕ್ಷ್ಮ. ಅಲ್ಲಿ ೧/೧೦೦೦ ಎಂಬ ವೇಗದಲ್ಲಿ ಫಿಲಮಿನ ಚೌಕಟ್ಟು ಒಮ್ಮೆಗೇ ತೆರೆಯುವುದಿಲ್ಲ. ಎರಡು ಪರದೆಗಳ ನಡುವಣ ಎರಡು ಮೂರು ಮಿಲಿಮೀಟರಿನ ಸೀಳೊಂದು ೩೬ ಮಿಲಿಮೀಟರ್ ಅಗಲದ ಚೌಕಟ್ಟನ್ನು ದಾಟಿಹೋಗುತ್ತದೆ. ಹಿಂದಿನ ಪರದೆ ಮುಂದಿನದಕ್ಕಿಂತ ಬೇಗ ಓಡಿದರೆ ಸೀಳು ದಾರಿಯಲ್ಲಿ ಕಿರಿದಾಗುತ್ತ, ಚಿತ್ರದ ಒಂದು ಅಂಚು ಕಪ್ಪಾಗುತ್ತದೆ. ನಡುವಿನಲ್ಲಿ ಮಾತ್ರ ಅಳೆದರೆ ಈ ದೋಷ ಕಾಣದು. ಎರಡು ಅಂಚುಗಳಲ್ಲಿಯೂ ಅಳೆಯಬೇಕು. ಆದುದರಿಂದ "ಎಲ್ಲೆಲ್ಲಿ ಅಳೆಯುತ್ತೀರಿ?" ಎಂದು ವಿನಯದಿಂದ ಕೇಳುವುದು ಒಳ್ಳೆಯದು. ಬಲ್ಲವರಿಗೆ ಈ ಪ್ರಶ್ನೆಯಿಂದ ಸಂತೋಷವಾಗುತ್ತದೆ. ಅವರು ಉಪಕರಣವನ್ನೇ ತಂದು ತೋರಿಸುವುದುಂಟು. ಬೆಳಕಿಗೆ ಸ್ಪಂದಿಸುವ ಸಣ್ಣ ಟ್ರಾನ್ಸಿಸ್ಟರೊಂದನ್ನು ಕಂಪ್ಯೂಟರಿಗೋ ಮೊಬೈಲಿಗೋ ಜೋಡಿಸಿ ಅಳೆಯುವ ಸಾಧನ ಈಗ ದುಬಾರಿಯೂ ಅಲ್ಲ. ಹೀಗಿರುವಲ್ಲಿ "ಕಿವಿಯಿಂದಲೇ ಗೊತ್ತಾಗುತ್ತದೆ" ಎನ್ನುವವರನ್ನು ಒಂದು ಸೆಕೆಂಡಿನ ವೇಗದ ಮಟ್ಟಿಗೆ ನಂಬಬಹುದು, ಸಾವಿರದ ಮಟ್ಟಿಗೆ ನಂಬಲಾಗದು.

ಕಿವಿಗೂ ಅದರ ಸ್ಥಾನವುಂಟು ಎನ್ನಿ. ನಮ್ಮಲ್ಲಿ ಬಹಳವಾಗಿ ಕಾಣಬರುವ ಯಾಷಿಕಾ ಎಲೆಕ್ಟ್ರೊ-೩೫ ಎಂಬ ಕ್ಯಾಮೆರಾದೊಳಗೆ ಕೆಲವೇ ಮಿಲಿಮೀಟರಿನ ರಬ್ಬರಿನ ಮೆತ್ತೆಯೊಂದಿದೆ. ಅದು ಪುಡಿಯಾದರೆ, ಫಿಲಮ್ ಸುತ್ತುವಾಗ ಕೇಳಬೇಕಾದ 'ಟಕ್' ಶಬ್ದ ನಿಲ್ಲುತ್ತದೆ. ಬೆಳಕಿನ ಲೆಕ್ಕಾಚಾರವೂ ತಪ್ಪುತ್ತದೆ. ಪಳಗಿದವರು ಸನ್ನೆಯನ್ನು ಒಮ್ಮೆ ಎಳೆದು ಶಬ್ದ ಕೇಳಿಯೇ ಕಾಯಿಲೆಯನ್ನು ಹೇಳಿಬಿಡುತ್ತಾರೆ. ಕ್ಯಾನನ್ ಎ.ಇ.-೧ ಕ್ಯಾಮೆರಾ ಮುದುಕರಂತೆ ಕೆಮ್ಮತೊಡಗಿದರೆ ದೋಷವಿರುವುದು ಕನ್ನಡಿಯನ್ನು ಎತ್ತಿಳಿಸುವ ಚಕ್ರಗಳು ಒಣಗಿರುವುದರಲ್ಲಿ. ಪಾದರಸದ ಬ್ಯಾಟರಿಯ ವಿಷಯವೂ ಒಂದು ಒಳ್ಳೆಯ ಒರೆಗಲ್ಲು. ಹಿಂದೆ ಬೆಳಕಿನ ಮಾಪಕಗಳಿಗೆ ೧.೩೫ ವೋಲ್ಟಿನ ಆ ಬ್ಯಾಟರಿ ಹಾಕುತ್ತಿದ್ದರು, ಈಗಿನವು ೧.೫ ವೋಲ್ಟಿನವು. ಅನೇಕ ಕ್ಯಾಮೆರಾಗಳಲ್ಲಿ ಇದರಿಂದ ಮಾಪಕ ತಪ್ಪು ತೋರಿಸುತ್ತದೆ. ೧೯೬೪ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್‌ನಲ್ಲಿ ಮಾತ್ರ ವಿದ್ಯುನ್ಮಂಡಲದ ರಚನೆಯಿಂದಾಗಿ ಈ ವ್ಯತ್ಯಾಸ ಬಾಧಿಸದು. "ಇದಕ್ಕೆ ಯಾವ ಬ್ಯಾಟರಿ ಹಾಕಲಿ?" ಎಂದು ಕೇಳಿದಾಗ ಬರುವ ಉತ್ತರದಿಂದ, ಎದುರಿಗಿರುವವರು ನಮ್ಮ ಮಾದರಿಯನ್ನು ಹಿಂದೆ ಬಿಚ್ಚಿದ್ದಾರೋ ಇಲ್ಲವೋ ತಿಳಿದುಬಿಡುತ್ತದೆ.

ಇನ್ನೊಂದು ಗುರುತು ತಿರುಪುಗಳ ತಲೆ. ಜಪಾನಿನ ಕ್ಯಾಮೆರಾಗಳಲ್ಲಿರುವ ಕೂಡುಗೆರೆಯ ತಿರುಪುಗಳು ನಮ್ಮ ಪೇಟೆಯ ಸಾಧಾರಣ ಫಿಲಿಪ್ಸ್ ತಿರುಪುಳಿಗೆ ಸರಿಯಾಗಿ ಹೊಂದುವುದಿಲ್ಲ. ಆ ದೇಶದ ಅಳತೆಯ ತಿರುಪುಳಿ ಬೇರೆಯೇ ಇದೆ. ತಪ್ಪು ತಿರುಪುಳಿ ಜಾರಿ ಗೆರೆಗಳನ್ನು ಸವೆಸುತ್ತದೆ. ದುರಸ್ತಿಗಾರರ ಮೇಜಿನ ಮೇಲಿರುವ ಬೇರೆ ಗಿರಾಕಿಗಳ ಕ್ಯಾಮೆರಾಗಳ ತಿರುಪುಗಳತ್ತ ಒಮ್ಮೆ ಕಣ್ಣಾಡಿಸಿದರೆ ಸಾಕು. ಅವು ಹೊಳೆಯುತ್ತ ಸಮನಾಗಿದ್ದರೆ ನಿಶ್ಚಿಂತೆ. ತಲೆ ಜಜ್ಜಿಹೋಗಿದ್ದರೆ ಮರುಮಾತಿಲ್ಲದೆ ಹಿಂತಿರುಗಬಹುದು. ಹಳೆಯ ಕ್ಯಾಮೆರಾವನ್ನು ಕೊಳ್ಳುವಾಗಲೂ ಇದೇ ಪರೀಕ್ಷೆ ಸಲ್ಲುತ್ತದೆ.

ಮಸೂರದ ಗೀರುಗಳನ್ನು ಪಾಲಿಶ್ ಮಾಡಿ ತೆಗೆಯುತ್ತೇನೆನ್ನುವವರು, ಸತ್ತ ಸೆಲೆನಿಯಮ್ ಕೋಶವನ್ನು ಹೊಸದರಂತೆ ಮಾಡಿಕೊಡುತ್ತೇನೆನ್ನುವವರು, ಬಿಚ್ಚಿ ನೋಡುವ ಮೊದಲೇ ಖಚಿತವಾದ ದರ ಹೇಳುವವರು, ಇವರಿಂದ ದೂರವಿರುವುದು ಕ್ಷೇಮ. ಇದಕ್ಕೆ ಪ್ರತಿಯಾಗಿ, "ಲೈಕಾ ನನ್ನ ಕೈಯಲ್ಲಾಗದು, ಇಂಥವರಲ್ಲಿಗೆ ಹೋಗಿ" ಎಂದು ಹೇಳುವವರು ಸಿಕ್ಕಿದರೆ ಅವರ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು. ಯಾವ ಕಸುಬುದಾರರಿಗೂ ಎಲ್ಲ ಕ್ಯಾಮೆರಾಗಳು ಒಲಿಯುವುದಿಲ್ಲ. ಒಬ್ಬರು ಎಸಳು ಷಟರಿನಲ್ಲಿ ನಿಪುಣರು, ಇನ್ನೊಬ್ಬರು ಪರದೆಯದರಲ್ಲಿ. ವಿದ್ಯುನ್ಮಂಡಲಗಳಿಂದ ನಡೆಯುವ ೧೯೮೦ರ ದಶಕದ ಕ್ಯಾಮೆರಾಗಳನ್ನಂತೂ ಅನೇಕ ಒಳ್ಳೆಯ ದುರಸ್ತಿಗಾರರು ಮುಟ್ಟುವುದೇ ಇಲ್ಲ. ಅದು ಅವರ ಪ್ರಾಮಾಣಿಕತೆ.

ಇಂತಹವರನ್ನು ಹುಡುಕುವುದೆಲ್ಲಿ? ಹೊಸ ಕ್ಯಾಮೆರಾ ಮಾರುವ ಅಂಗಡಿಯಲ್ಲಿ ಕೇಳಿದರೆ ಪ್ರಯೋಜನ ಕಡಿಮೆ. ಹಳೆಯ ಸ್ಟುಡಿಯೋಗಳ ಹಿರಿಯರನ್ನು ಕೇಳಬೇಕು. ಕ್ಯಾಮೆರಾದಿಂದಲೇ ಸಂಸಾರ ಸಾಗಿಸಿದವರು ಮದುವೆಯ ಹಂಗಾಮಿನಲ್ಲಿ ಅದು ಕೈಕೊಟ್ಟರೆ ಯಾರ ಮನೆಯ ಬಾಗಿಲು ತಟ್ಟುತ್ತಿದ್ದರು ಎಂಬುದನ್ನು ಮರೆತಿರಲಾರರು. ಫಿಲಮ್ ತೊಳೆಯುವ ಪ್ರಯೋಗಶಾಲೆಗಳು ನಮ್ಮ ದೊಡ್ಡ ನಗರಗಳಲ್ಲಿ ಈಗಲೂ ಕೆಲವು ಇವೆ. ಯಾರ ಕೈಯಿಂದ ಬಂದ ಕ್ಯಾಮೆರಾದ ನೆಗೆಟಿವು ಚೊಕ್ಕಟವಾಗಿರುತ್ತದೆಂದು ಅವರಿಗೆ ಗೊತ್ತು. ದೆಹಲಿಯ ಚಾಂದನಿ ಚೌಕದ ಕೂಚಾ ಚೌಧರಿಯಂತಹ ಕ್ಯಾಮೆರಾ ಪೇಟೆಗಳಿಗೆ ಹೋಗುವ ಅವಕಾಶವಿದ್ದರೆ ಕೆಳಗಿನ ಅಂಗಡಿಗಳಲ್ಲಿ ವಿಚಾರಿಸಿ, ಮಹಡಿಯ ಮೇಲೆ ಫಲಕವಿಲ್ಲದೆ ಕುಳಿತವರಿದ್ದಾರೆಯೇ ಎಂದು ಕೇಳಬಹುದು. ಮೊದಲ ಸಲಕ್ಕೆ ಅಜ್ಜನ ಕ್ಯಾಮೆರಾವನ್ನು ಕೊಡದೆ, ಅಗ್ಗದ ಬೇರೊಂದನ್ನು ಕೊಟ್ಟು ಕೈಗುಣ ನೋಡುವುದು ಜಾಣತನ.

ನಂಬಿಕೆ ಎರಡು ಕಡೆಯಿಂದಲೂ ಬೇಕೆಂಬುದನ್ನು ನಮ್ಮವರು ಮರೆಯುತ್ತಾರೆ. ಮನೆಯಲ್ಲಿ ಯಾರಾದರೂ ಬಿಚ್ಚಿ ನೋಡಿದ್ದರೆ ಅದನ್ನು ಮುಚ್ಚಿಡಬಾರದು. ಎಲ್ಲೋ ಬಿದ್ದುಹೋದ ಒಂದು ತಿರುಪಿಗಾಗಿ ಅವರು ಒಂದು ದಿನ ತಲೆ ಕೆಡಿಸಿಕೊಳ್ಳುವಂತಾಗುತ್ತದೆ. ಷಟರೊಂದನ್ನು ಬಿಚ್ಚಿ ತೊಳೆದು ಜೋಡಿಸಲು ಹಿಡಿಯುವ ಗಂಟೆಗಳನ್ನು ಲೆಕ್ಕ ಹಾಕಿದರೆ, ಅವರು ಕೇಳುವ ಕೂಲಿ ಅನೇಕ ವೇಳೆ ಮೊಬೈಲಿನ ಗಾಜು ಬದಲಿಸುವವರು ಕೇಳುವುದಕ್ಕಿಂತ ಹೆಚ್ಚಿರುವುದಿಲ್ಲ. ಅದರಲ್ಲಿಯೂ ಚೌಕಾಸಿ ಮಾಡುವವರಿರುವುದರಿಂದಲೇ ಈ ಕಸುಬನ್ನು ಕಲಿಯಲು ಅವರ ಮಕ್ಕಳು ಮುಂದೆ ಬರುತ್ತಿಲ್ಲ. ಏನೇನು ಮಾಡಬೇಕು, ಏನನ್ನು ಮುಟ್ಟಕೂಡದು, ಎಂದಿಗೆ ಕೊಡುತ್ತಾರೆ, ತೆಗೆದ ಹಳೆಯ ಭಾಗಗಳನ್ನು ಮರಳಿಸುತ್ತಾರೆಯೇ ಎಂಬಿಷ್ಟನ್ನು ಮೊದಲೇ ಮಾತಾಡಿ ಚೀಟಿಯಲ್ಲಿ ಬರೆಸಿಕೊಂಡರೆ ಆಮೇಲೆ ಮನಸ್ತಾಪವಿಲ್ಲ. ಕ್ಯಾಮೆರಾದ ಹಾಗೂ ಮಸೂರದ ಕ್ರಮಸಂಖ್ಯೆಗಳನ್ನು ಆ ಚೀಟಿಯಲ್ಲಿಯೇ ಸೇರಿಸಬೇಕು.

ಕ್ಯಾಮೆರಾ ಮರಳಿ ಬಂದೊಡನೆ ಬೀರುವಿಗೆ ಸೇರಿಸದೆ, ಒಂದು ವಾರದೊಳಗಾಗಿ ಒಂದು ಸುರುಳಿ ಫಿಲಮನ್ನು ಪರೀಕ್ಷೆಗೆಂದೇ ಖರ್ಚು ಮಾಡತಕ್ಕದ್ದು. ಬಿಸಿಲಿನಲ್ಲಿ ಒಂದೇ ಗೋಡೆಯನ್ನು, ವೇಗವನ್ನು ಒಂದೊಂದು ಮೆಟ್ಟಿಲು ಏರಿಸುತ್ತ, ಅದಕ್ಕೆ ತಕ್ಕಂತೆ ರಂಧ್ರವನ್ನು ಒಂದೊಂದು ಮೆಟ್ಟಿಲು ಹಿಗ್ಗಿಸುತ್ತ ತೆಗೆದರೆ, ಎಲ್ಲ ನೆಗೆಟಿವುಗಳೂ ಒಂದೇ ಸಮನಾದ ಕಪ್ಪಿನಲ್ಲಿ ಬರಬೇಕು. ಪ್ರತಿಯೊಂದರ ವೇಗವನ್ನೂ ರಂಧ್ರವನ್ನೂ ಬರೆದಿಡಬೇಕು. ಆ ನೆಗೆಟಿವನ್ನು ದುರಸ್ತಿಗಾರರಿಗೆ ಒಯ್ದು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಬೇಕು. ಮುದ್ರಿಸಿದ ಚಿತ್ರಗಳನ್ನು ಒಯ್ದರೆ ಉಪಯೋಗವಿಲ್ಲ. ಅಂಕಿಗಳ ಏರುಪೇರನ್ನು ಮುದ್ರಿಸಿದವರೇ ಸರಿದೂಗಿಸಿಬಿಟ್ಟಿರುತ್ತಾರೆ.